ಗರಾಜಿನಲ್ಲಿ ಎಂಬತ್ಮೂರು ಎಡೆ

ನಮ್ಮತ್ತೆ ಟೆಕ್ಸಸ್ಸಿಗೆ ಬಂದ ಮೂರನೆಯ ದಿನಕ್ಕೇ ಪಕ್ಕದ ಮನೆಯ ಅಜ್ಜಿಯ ಸ್ನೇಹ ಸಂಪಾದಿಸಿಬಿಟ್ಟಿದ್ದರು. ನಾನೋ, ಕ್ಯಾರಲ್ಟನ್ನಿನ ಆ ಮನೆಯಲ್ಲಿ ನಾಲ್ಕು ವರ್ಷ ಸಂಸಾರ ಮಾಡಿದ್ದರೂ ಆ ಅಜ್ಜಿಯ ಜೊತೆ ಆಡಿದ್ದು ‘ಇವತ್ತು ಬಿಸಿಲು ಜಾಸ್ತಿ ಅಲ್ಲವಾ’ ಎನ್ನುವ ಒಂದೇ ಮಾತು. ಅದನ್ನೇ ಬೇಸಗೆ ಪೂರ್ತಿ ಆಡುತ್ತಿದ್ದೆ. ಅತ್ತೆಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಬಸ್ಸು, ಲೈಟು, ಟೈಮು. ಅಜ್ಜಿಗೆ ಕನ್ನಡ ಎನ್ನುವ ಭಾಷೆಯೊಂದಿದೆ ಎನ್ನುವುದೇ ಗೊತ್ತಿರಲಿಲ್ಲ. ಇಷ್ಟು ಬಂಡವಾಳದಲ್ಲಿ ಇಬ್ಬರೂ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ನಾನು ಆಫೀಸಿನಿಂದ ಬರುವ ಹೊತ್ತಿಗೆ ಒಂದು ಬುಟ್ಟಿ ಹುರುಳಿಕಾಯಿಯ ನಾರು ತೆಗೆದು ಮುಗಿಸಿ, ಯಾವುದೋ ವಿಷಯಕ್ಕೆ ಬಿದ್ದು ಬಿದ್ದು ನಗುತ್ತಿದ್ದರು.

“ಏನತ್ತೆ ಅಷ್ಟೊಂದು ನಗು?”

“ಅಕ್ಕ ಅವ್ರ ಗಂಡನ ಕತೆ ಹೇಳ್ತಿದ್ರು ಕನವ್ವ.”

“ಏನು ಕತೆ?”

“ನಂಗೇನ್ ಗೊತ್ತು? ಇಂಗ್ಲಿಸ್ನಲ್ಲಿ ಹೇಳುದ್ರು.”

ಇದು ಎರಡು ಸಾವಿರದ ಹದಿನೈದರ ಸುಮಾರಿನ ಮಾತು. ಅತ್ತೆ ಮಂಡ್ಯದ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದರು. ಅಜ್ಜಿಗೆ ಆಗ ಎಂಬತ್ತೆರಡು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಹ್ಯೂಸ್ಟನ್ನಿನಲ್ಲಿದ್ದಳು. ದಿನಾ ಸಾಯಂಕಾಲ ಆರಕ್ಕೆ ಫೋನ್ ಮಾಡಿ ಅಮ್ಮನ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಅಜ್ಜಿ ಪಕ್ಕದ ಊರು ಫಾರ್ಮರ್ಸ್ ಬ್ರಾಂಚಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬೇಯಿಸಿ ಬಡಿಸಿದವರು. ದಪ್ಪ ದನಿ, ಬೆಳಗಾಗೆದ್ದರೆ ಕೆಂಪು ಲಿಪ್‌ಸ್ಟಿಕ್, ನಡೆಯಲು ಆಸರೆಗೆ, ನಾಲ್ಕು ಕಾಲಿಗೂ ಟೆನ್ನಿಸ್ ಚೆಂಡು ಸಿಕ್ಕಿಸಿದ ವಾಕರ್. ಎಲ್ಲರನ್ನೂ ಮುದ್ದಿಗೆ ‘ಹನಿ’ ಎಂದು ಕರೆಯುತ್ತಿದ್ದರು, ಬೈಯುವಾಗಲೂ.

ಅವರ ಗೋಡೆಯ ಮೇಲಿದ್ದ ಫೋಟೋ ನಾನು ನೋಡಿದ್ದು ಸೆಪ್ಟೆಂಬರಿನ ಒಂದು ಭಾನುವಾರ. ಚಕ್ಕುಲಿ ಕೊಡಲು ಹೊರಟಿದ್ದ ಅತ್ತೆ, “ನೀನೂ ಬಾರವ್ವ, ಒಂದು ವಿಸ್ಯ ಕೇಳ್ಬೇಕು, ಕೈಸನ್ನೇಲಿ ಆಗಾಕಿಲ್ಲ” ಎಂದು ನನ್ನನ್ನೂ ಎಳೆದುಕೊಂಡು ಹೋದರು. ಮುಂದಿನ ಕೋಣೆಯಲ್ಲಿ ಬಿಳಿ ಟೋಪಿಯ ಒಬ್ಬ ಯುವಕನ ಫೋಟೋ. ಕಿವಿ ಅಗಲ, ನಗುವೂ ಅಗಲ. ಪಕ್ಕದಲ್ಲಿ ಇನ್ನೊಂದು ಫ್ರೇಮು; ಅದರಲ್ಲಿ ಚಿತ್ರವಿಲ್ಲ, ಸಾಲು ಸಾಲಾಗಿ ಬರೀ ಹೆಸರು.

“ಇವ್ರ್ ಯಾರು ಅಂತ ಕೇಳು. ಮಗ ಅನ್ನಾನ ಅಂದ್ರೆ ಬಟ್ಟೆ ಹಳೇ ಕಾಲದ್ದು.”

ಕೇಳಿದೆ. ಅಜ್ಜಿಯ ಟೆಕ್ಸಸ್ ಇಂಗ್ಲಿಷನ್ನು ನಾನು ಅತ್ತೆಗೆ ಹೇಗೆ ಹೇಳಿದೆನೋ ಹಾಗೆಯೇ ಇಲ್ಲಿ ಬರೆಯುತ್ತೇನೆ.

“ನಮ್ಮಣ್ಣ. ಬಬ್ಬ ಅಂತ ಕರೀತಿದ್ದೆ” ಎಂದರು ಅಜ್ಜಿ. ಈ ಕಡೆ ಹಳಬರು ಅಣ್ಣನನ್ನು ಹಾಗೆಯೇ ಕರೆಯುವುದು. “ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನಲ್ಲಿದ್ದ. ಇಪ್ಪತ್ತೊಂದು ವರ್ಷ. ಪೆಸಿಫಿಕ್ ಸಮುದ್ರಕ್ಕೆ ಹೊರಟಿತು, ಬರಬೇಕಾದ ದಿನಕ್ಕೆ ಬರಲಿಲ್ಲ. ಅಷ್ಟೇ ಗೊತ್ತಿರೋದು. ಬಾಂಬಿಗೆ ಸಿಕ್ಕಿತೋ, ತಾನೇ ಮುಳುಗಿತೋ, ಎಲ್ಲಿ ಮುಳುಗಿತೋ, ಯಾರಿಗೂ ಗೊತ್ತಿಲ್ಲ. ಮೊದಲು ಕಾಣೆಯಾಗಿದ್ದಾರೆ ಅಂತ ತಂತಿ ಬಂತು. ಆಮೇಲೆ ಸತ್ತಿದ್ದಾರೆ ಅಂತ ತಿಳ್ಕೊಳ್ಳಿ ಅಂತ ಕಾಗದ ಬಂತು. ಈ ಲಿಸ್ಟಲ್ಲಿರೋದು ಅವನು, ಅವನ ಜೊತೆ ಇದ್ದೋರೆಲ್ಲ.”

ಅತ್ತೆ ಚಕ್ಕುಲಿ ಡಬ್ಬಿ ಟೇಬಲ್ಲಿನ ಮೇಲಿಟ್ಟು ಸೋಫಾದಲ್ಲಿ ಕೂತೇಬಿಟ್ಟರು. ಅಜ್ಜಿ ಮಾತ್ರ ನಿಂತೇ ಇದ್ದರು.

“ಅವನು ಕೊನೇ ಸಲ ರಜಾಕ್ಕೆ ಬಂದಾಗ ನನಗೆ ಹನ್ನೊಂದು. ಭಾನುವಾರ ಹಳ್ಳಕ್ಕೆ ಕರ್ಕೊಂಡ್ ಹೋಗಿ ಈಜು ಕಲಿಸ್ತೀನಿ ಅಂದಿದ್ದ. ಶನಿವಾರವೇ ವಾಪಸ್ ಬಾ ಅಂತ ಕರೆ ಬಂತು. ನನಗೆ ಎಂಥಾ ಸಿಟ್ಟು ಬಂತು ಅಂದ್ರೆ ಹಿತ್ತಲಲ್ಲಿದ್ದ ಪೆಕಾನ್ ಮರ ಹತ್ತಿ ಕೂತುಬಿಟ್ಟೆ. ಅವನು ಕೆಳಗೆ ನಿಂತು ಇಳಿ, ಇಳಿ ಅಂತ ಕೂಗಿದ. ನಾನು ಅವನ ತಲೆ ಮೇಲೆ ಪೆಕಾನ್ ಕಾಯಿ ಎಸೆದೆ. ನಗ್ತಾ ಹೋದ. ನಾನು ಬೈ ಕೂಡ ಹೇಳಲಿಲ್ಲ ಹನಿ. ಕೋಪ ಇಳಿಯೋಕೆ ಮೂರು ತಿಂಗಳು ಬೇಕಾಯ್ತು. ಆಮೇಲೆ ಒಂದು ಕಾಗದ ಬರೆದೆ. ಅದು ಬಿಚ್ಚದೇ ವಾಪಸ್ ಬಂತು.”

ನಾನು ಅತ್ತೆಗೆ ಇಷ್ಟನ್ನೂ ಹೇಳಿ ಮುಗಿಸಿದೆ. ಅತ್ತೆ ತಲೆಯಾಡಿಸಿ, “ಕೋಪದಲ್ಲಿ ಕುಯ್ದ ಮೂಗು ಶಾಂತೀಲಿ ಬಂದಾತಾ” ಎಂದರು. ಅದನ್ನು ನಾನು ತರ್ಜುಮೆ ಮಾಡಲಿಲ್ಲ. ಅಜ್ಜಿಗೆ ಅದು ಎಪ್ಪತ್ತು ವರ್ಷದಿಂದ ಗೊತ್ತಿತ್ತು.

ಹ್ಯೂಸ್ಟನ್ ದಾಟಿ ಹೋದರೆ ಸಮುದ್ರದ ಬದಿ ಒಂದು ಜಾಗದಲ್ಲಿ ವರ್ಷಕ್ಕೊಮ್ಮೆ ಜನ ಸೇರುತ್ತಾರಂತೆ. ಕಾಣೆಯಾದ ಒಂದೊಂದು ಸಬ್‌ಮರೀನಿನ ಹೆಸರು ಹೇಳಿ ಒಂದೊಂದು ಸಲ ಗಂಟೆ ಬಾರಿಸುತ್ತಾರಂತೆ. ಮಗಳು ಪ್ರತಿ ವರ್ಷವೂ ಕರೆಯುತ್ತಾಳೆ, ಅಜ್ಜಿ ಒಂದು ವರ್ಷವೂ ಹೋಗಿಲ್ಲ. “ಕಳಿಸಿಕೊಡದೇ ಇದ್ದೋಳು ಯಾವ ಮುಖ ಇಟ್ಕೊಂಡು ಹೋಗಲಿ?” ಎಂದರು. “ಸಾಯೋ ಮುಂಚೆ ಒಂದು ಸಲ ಅವನಿಗೆ ಬೈ ಹೇಳಬೇಕು. ಅದೊಂದೇ ನನಗೆ ಬಾಕಿ ಇರೋದು. ಆದರೆ ಯಾವ ದಿಕ್ಕಿಗೆ ತಿರುಗಿ ಹೇಳಲಿ? ಸಮುದ್ರ ಬಹಳ ದೊಡ್ಡದು.”

ಆಮೇಲೆ, ನಮ್ಮಿಬ್ಬರ ಮುಖ ನೋಡಿ ಸಮಾಧಾನ ಮಾಡಲೆಂದೋ ಏನೋ, ಒಂದು ಮಾತು ಸೇರಿಸಿದರು. ಸಬ್‌ಮರೀನಿನವರು ತಮ್ಮ ಹಡಗು ಮುಳುಗಿತು ಎನ್ನುವುದಿಲ್ಲವಂತೆ. ಅದು ಇನ್ನೂ ಗಸ್ತು ತಿರುಗುತ್ತಿದೆ ಎನ್ನುತ್ತಾರಂತೆ.

ಇದನ್ನು ಹೇಳಿದ್ದೇ ತಡ, ಅತ್ತೆ ಸೋಫಾದಿಂದ ಎದ್ದು ನಿಂತರು. “ಎಪ್ಪತ್ತು ವರ್ಸದಿಂದ ಗಸ್ತು ತಿರುಗ್ತಾವ್ರಾ? ಅಯ್ಯೋ ಶಿವನೇ! ಊಟಕ್ಕೆ ಯಾರು ಹಾಕ್ತಾವ್ರೆ?”

“ಅತ್ತೆ, ಅದು ಒಂದು ಮಾತಿಗೆ ಹೇಳೋದು.”

“ಕೇಳೇ ನೀನು. ಊಟಕ್ಕೆ ಯಾರು ಹಾಕ್ತಾವ್ರೆ ಅಂತ ಕೇಳು.”

ನಾಚಿಕೆಯಿಂದ ಸತ್ತು ಕೇಳಿದೆ. ಅಜ್ಜಿ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ನಗಲು ಶುರುಮಾಡಿ ಹಾಗೆಯೇ ಕಣ್ಣೊರೆಸಿಕೊಂಡರು. “ಚರ್ಚಿನೋರು, ನೇವಿಯೋರು, ಎಷ್ಟೋ ಜನ ಅವನ ವಿಷಯ ಮಾತಾಡಿದ್ದಾರೆ. ಊಟದ ವಿಷಯ ಯಾರೂ ಕೇಳಿರಲಿಲ್ಲ. ಬಹಳ ತಿನ್ನೋನು ಕಣೇ ಅವನು.”

ಇಷ್ಟು ಸಾಕಾಯಿತು ನಮ್ಮತ್ತೆಗೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ. ತೀರಿಕೊಂಡ ಹಿರಿಯರ ಫೋಟೋ ಮುಂದೆ ಬಾಳೆಎಲೆ ಹಾಕಿ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಎಲ್ಲವನ್ನೂ ಬಡಿಸುವುದು. ಮಾಂಸ ತಿನ್ನುತ್ತಿದ್ದರೆ ಮಾಂಸ, ಬೀಡಿ ಸೇದುತ್ತಿದ್ದರೆ ಬೀಡಿ, ಇನ್ನೊಂದಿಷ್ಟು ‘ಅಭ್ಯಾಸ’ ಇದ್ದರೆ ಅದರ ಕಾಲು ಬಾಟಲಿಯೂ ಸರಿ. ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದಕ್ಕೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಣ್ಣುತ್ತಾರೆ. ಅರ್ಧ ಗಂಟೆಯಾದ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಬೇಕು. ನಡುವೆ ಬಾಗಿಲು ತೆಗೆಯುವ ಹಾಗಿಲ್ಲ. ತೆಗೆದರೆ ಅವರು ಅರ್ಧ ಊಟಕ್ಕೇ ಎದ್ದು ಹೊರಟುಬಿಡುತ್ತಾರೆ. ಅತ್ತೆಯ ತವರಿನಲ್ಲಿ ಯಾವನೋ ಚಿಕ್ಕಪ್ಪ ವಡೆಯ ಆಸೆಗೆ ಮುಂಚೆಯೇ ಬಾಗಿಲು ತೆಗೆದಿದ್ದನಂತೆ. ಅವನು ಸಾಯುವ ತನಕ ಆ ಊರು ಅವನನ್ನು ಆಡಿಕೊಂಡಿತು.

“ಈ ಸಲ ನಿಮ್ಮಾವನ ಜತೆಗೆ ಅಕ್ಕನ ಅಣ್ಣಂಗೂ ಎಡೆ ಇಡಾನ” ಎಂದರು ಅತ್ತೆ. “ಉಂಡಾದ್ಮೇಲೆ ಅಕ್ಕ ಒಳಗೋಗಿ ಹೇಳೋದ ಹೇಳ್ಕೊಳ್ಳಿ. ಎದುರಿಗೇ ಕೂತಿರ್ತಾರಲ್ಲ, ದಿಕ್ಕು ಯಾಕೆ ಹುಡುಕ್ಬೇಕು?”

ನಾನು ತರ್ಜುಮೆ ಮಾಡಿದೆ. ಅಜ್ಜಿ ಗೋಡೆಯ ಮೇಲಿನ ಫೋಟೋದ ಕಡೆ ತಿರುಗಿದರು. ಆಮೇಲೆ, “ಅವನಿಗೆ ಫ್ರೈಡ್ ಚಿಕನ್ ಇಷ್ಟ, ನಾನೇ ಮಾಡ್ತೀನಿ” ಎಂದರು.

ಮಹಾಲಯ ಅಮಾವಾಸ್ಯೆ ಆ ವರ್ಷ ವಾರದ ನಡುವೆ ಬಂದಿತ್ತು. ಅಮೆರಿಕದಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೇ ಬರುವುದು. ಯುಗಾದಿ, ಗೌರಿ, ದೀಪಾವಳಿ, ಯಾವುದಾದರೂ ಸರಿ, ಶನಿವಾರಕ್ಕೆ ಶಿಫ್ಟ್. ಅಮಾವಾಸ್ಯೆಯನ್ನೂ ಶನಿವಾರವೇ ಮಾಡೋಣ ಎಂದಾಗ ಅತ್ತೆ ಗಲ್ಲಕ್ಕೆ ಕೈಯಿಟ್ಟು, “ಇಲ್ಲಿ ಚಂದ್ರನೂ ಆಪೀಸಿಗೆ ಹೋಗ್ತಾನಾ?” ಎಂದು ಕೇಳಿದರು. ಅದೇ ಶನಿವಾರ ನಮ್ಮವರು, ಅಂದರೆ ಅತ್ತೆಯ ಮಗ, ಆಸ್ಟಿನ್ನಿನಲ್ಲಿ ಆಫೀಸಿನ ಕೆಲಸದ ಮೇಲೆ ಇರಬೇಕಿತ್ತು, ರಾತ್ರಿ ಊಟದ ಹೊತ್ತಿಗೆ ಬರುವುದು. ಒಳ್ಳೆಯದೇ ಆಯಿತು ಎಂದುಕೊಂಡೆ.

ಎಡೆ ಎರಡು ಎಂದುಕೊಂಡೇ ನಾನು ಒಪ್ಪಿದ್ದು. ಗುರುವಾರ ಸಾಯಂಕಾಲ ಮನೆಗೆ ಬಂದರೆ ಅಜ್ಜಿಯ ಗೋಡೆಯ ಮೇಲಿದ್ದ ಹೆಸರಿನ ಫ್ರೇಮು ನಮ್ಮ ಊಟದ ಟೇಬಲ್ಲಿನ ಮೇಲಿತ್ತು. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಒಂದೊಂದು ಹೆಸರಿನ ಮೇಲೂ ಒಂದೊಂದು ಅವರೆಕಾಳು ಇಟ್ಟುಕೊಂಡು ಬಂದಿದ್ದರು. ಪಕ್ಕದಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ಮೇಲ್ವಿಚಾರಣೆ ಮಾಡುತ್ತಿದ್ದರು.

“ಎಂಬತ್ಮೂರು” ಎಂದರು ಅತ್ತೆ.

“ಏನು ಎಂಬತ್ಮೂರು?”

“ಎಲೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಅತ್ತೆ, ಅವರಣ್ಣ ಒಬ್ಬರಿಗೆ ತಾನೆ ಅಂದಿದ್ದು? ಎಂಬತ್ಮೂರು ಜನಕ್ಕೆ ಅಡುಗೆ ಯಾರು ಮಾಡ್ತಾರೆ? ನಾನೇನು ಛತ್ರ ನಡೆಸ್ತಿದೀನಾ?”

“ಒಂದೇ ಹಡಗಲ್ಲಿ ಹೋದವ್ರು. ಒಬ್ಬನ್ನ ಕರ್ದು ಹಾಕ್ಬುಟ್ಟು ಮಿಕ್ಕೋರು ಬಾಗಿಲಲ್ಲಿ ನಿಂತ್ಕೊಂಡು ನೋಡ್ಬೇಕಾ? ಪಂಕ್ತೀಲಿ ಭೇದ ಮಾಡ್ಬಾರ್ದು ಕನವ್ವ. ಪಾಪ ತಟ್ಟತದೆ.”

“ಹಾಗಾದ್ರೆ ಒಂದು ದೊಡ್ಡ ತಟ್ಟೇಲಿ ಎಲ್ಲರದ್ದೂ ಇಡೋಣ.”

“ನಿನ್ ಮದ್ವೇಲಿ ಒಂದೇ ತಟ್ಟೆ ಮಡಗಿ ಎಲ್ರೂ ನೋಡ್ಕೊಂಡು ಹೋಗ್ರಪ್ಪಾ ಅಂದಿದ್ರೆ ನಿಮ್ಮಪ್ಪ ಸುಮ್ನಿರ್ತಿದ್ರಾ?”

ನಮ್ಮಪ್ಪನ ವಿಷಯ ತೆಗೆದರೆ ನಾನು ಸೋಲುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಸಹಾಯಕ್ಕಾದೀತೆಂದು ಅಜ್ಜಿಯ ಕಡೆ ತಿರುಗಿ, ಎಂಬತ್ಮೂರು ಜನಕ್ಕೆ ಅಡುಗೆ ಆಗುವುದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ದೂರು ಹೇಳಿದೆ. ಅಜ್ಜಿ ನನ್ನ ಬೆನ್ನು ತಟ್ಟಿ, “ನಾನು ದಿನಾ ನಾನೂರು ಮಕ್ಕಳಿಗೆ ಬಡಿಸ್ತಿದ್ದೆ ಹನಿ. ಎಂಬತ್ಮೂರು ಅಂದ್ರೆ ಎರಡು ಕ್ಲಾಸು ಮಕ್ಕಳು ಜ್ವರ ಅಂತ ಮನೇಲಿದ್ದ ಹಾಗೆ” ಎಂದರು. ಲೆಕ್ಕ ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. ವಾದ ಅಲ್ಲಿಗೆ ಮುಗಿಯಿತು.

ಹಡಗಿನ ಸಾಹೇಬರಿಗೆ ದೊಡ್ಡ ಎಲೆ ಹಾಕಬೇಕಾ ಎಂದು ಕುಹಕಕ್ಕೆ ಕೇಳಿದೆ. ಅತ್ತೆ ಅದನ್ನು ಕುಹಕವೆಂದು ತಿಳಿಯಲೇ ಇಲ್ಲ. “ನೀರೊಳಕ್ಕೆ ಹೋದ್ಮೇಲೆ ಸಾಯೇಬನೂ ಒಂದೇ, ಅಡುಗೆಯವನೂ ಒಂದೇ” ಎಂದರು.

ಶುಕ್ರವಾರ ರಜೆ ಹಾಕಿದೆ. ಬಾಳೆಎಲೆ ಕೊರಿಯಾದವರ ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿದ್ದಷ್ಟನ್ನೂ ಬಾಚಿಕೊಂಡು ಬಂದು ಅಂಗೈ ಎರಡರಷ್ಟು ಅಗಲಕ್ಕೆ ಕತ್ತರಿಸಿದೆವು. ಶನಿವಾರ ಬೆಳಗ್ಗೆ ಆರಕ್ಕೇ ಅಜ್ಜಿ ವಾಕರಿನ ಮೇಲೆ ಎರಡು ದೊಡ್ಡ ಅಲ್ಯೂಮಿನಿಯಂ ಟ್ರೇ ಇಟ್ಟುಕೊಂಡು ಹಾಜರಾದರು. ಬಂದವರು ಮೊದಲು ಮಾಡಿದ ಕೆಲಸ, ಜೇಬಿನಿಂದ ತಲೆಗೆ ಹಾಕುವ ಬಲೆ ತೆಗೆದು ನಮ್ಮತ್ತೆಯ ತುರುಬಿನ ಮೇಲೆ ಎಳೆದಿದ್ದು. ಶಾಲೆಯ ಅಡುಗೆಮನೆಯ ಶಿಸ್ತಂತೆ, ಅನ್ನದಲ್ಲಿ ಕೂದಲು ಬರಬಾರದು. ನಮ್ಮತ್ತೆ, ಸೊಸೆ ಸೆರಗು ಸರಿ ಮಾಡಲು ಬಂದರೂ ಕೈ ತಳ್ಳುವ ಹೆಂಗಸು, ಬಲೆ ಹಾಕಿಸಿಕೊಂಡು ಸುಮ್ಮನೆ ನಿಂತಿದ್ದರು. ನನಗೂ ಒಂದು ಬಲೆ ಬಿತ್ತು.

ಆ ದಿನದ ಅಡುಗೆಮನೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಂದು ಒಲೆಯ ಮೇಲೆ ಮಟನ್ ಸಾರು ಕುದಿಯುತ್ತಿತ್ತು, ಇನ್ನೊಂದರ ಮೇಲೆ ಅಜ್ಜಿಯ ಚಿಕನ್ ಎಣ್ಣೆಯಲ್ಲಿ ಚಟಪಟ ಎನ್ನುತ್ತಿತ್ತು. ಅತ್ತೆ ಚಿಕನ್ನಿಗೆ ಕದ್ದು ಖಾರದ ಪುಡಿ ಹಾಕಿದರು. ಅಜ್ಜಿ ಸಾರಿಗೆ ಕದ್ದು ಸಕ್ಕರೆ ಹಾಕಿದರು. ಇಬ್ಬರನ್ನೂ ನಾನು ಹಿಡಿದೆ, ಇಬ್ಬರೂ ನನ್ನನ್ನೇ ಬೈದರು. ಮುದ್ದೆಗಳನ್ನು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿದೆವು, ಎಂಬತ್ಮೂರು, ನಮ್ಮ ಮಾವನದು ಮಾತ್ರ ಊರಿನ ಗಾತ್ರಕ್ಕೆ. ಉದ್ದಿನ ವಡೆ, ಕಜ್ಜಾಯ, ಪೀಚ್ ಹಣ್ಣಿನ ಪೈ. ಹಡಗಿನಲ್ಲಿ ಐಸ್‌ಕ್ರೀಮ್ ಮಾಡುವ ಮಷೀನ್ ಇದೆ ಎಂದು ಅಣ್ಣ ಹೆಮ್ಮೆಯಿಂದ ಕಾಗದ ಬರೆದಿದ್ದನಂತೆ, ಹಾಗಾಗಿ ಐಸ್‌ಕ್ರೀಮೂ ಬಂತು. ಸಿಗರೇಟು ಇಡಬೇಕಾ ಬೇಡವಾ ಎಂದು ಚರ್ಚೆಯಾಗಿ ಒಂದು ಪ್ಯಾಕೆಟ್ ಇಟ್ಟೆವು.

ಎಂಬತ್ಮೂರು ಎಲೆ ಹಿಡಿಸುವ ಜಾಗ ನಮ್ಮ ಮನೆಯಲ್ಲಿ ಒಂದೇ, ಗರಾಜು. ನಮ್ಮವರಿಗೆ ಅದು ಗರ್ಭಗುಡಿ. ನೆಲಕ್ಕೆ ತಾವೇ ಕೂತು ಹೊಳೆಯುವ ಬಣ್ಣ ಬಳಿದಿದ್ದಾರೆ, ಗೋಡೆಗೆ ಸ್ಪ್ಯಾನರುಗಳನ್ನು ಅಳತೆ ಪ್ರಕಾರ ನೇತುಹಾಕಿದ್ದಾರೆ. ಒಂದು ಸಲ ನಾನು ಅಲ್ಲಿ ಎಣ್ಣೆ ಚೆಲ್ಲಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅವರು ರಾತ್ರಿ ಬರುವಷ್ಟರಲ್ಲಿ ತೊಳೆದು ಒರೆಸಿದರಾಯಿತು ಎಂದು ಧೈರ್ಯ ಮಾಡಿದೆ. ನನ್ನ ಕಾರನ್ನು ರಸ್ತೆಗೆ ತಂದು ನಿಲ್ಲಿಸಿ ಗರಾಜು ಗುಡಿಸಿದೆ.

ಮೂರು ಗಂಟೆಗೆ ಬಡಿಸಲು ನಿಂತೆವು. ಗೋಡೆಯ ಬದಿ ಒಂದು ಕಡೆ ಮಾವನ ಫೋಟೋ, ಮಧ್ಯದಲ್ಲಿ ಬಿಳಿ ಟೋಪಿಯ ಅಣ್ಣ, ಪಕ್ಕದಲ್ಲಿ ಹೆಸರಿನ ಪಟ್ಟಿ. “ನಮ್ಮ ಯಜಮಾನ್ರು ಕಂಡಕ್ಟ್ರಾಗಿದ್ದವ್ರು. ಎಂಬತ್ತು ಜನನ ಸುಧಾರಿಸೋದು ಅವ್ರಿಗೆ ಹೊಸದಲ್ಲ” ಎಂದು ಅತ್ತೆ ಮಾವನಿಗೆ ಎಲ್ಲರ ಉಸ್ತುವಾರಿ ವಹಿಸಿದರು. ಮಗನಿಗೆಂದು ಊರಿಂದ ತಂದಿದ್ದ ಹೊಸ ಪಂಚೆಯನ್ನು ಎಲ್ಲರ ಪರವಾಗಿ ಮಡಚಿಟ್ಟರು. ಅಜ್ಜಿ ಬಡಿಸುವುದನ್ನು ನೋಡಬೇಕಿತ್ತು. ಐಸ್‌ಕ್ರೀಮ್ ಚಮಚದಲ್ಲಿ ಅನ್ನ ತೆಗೆದು ಎಲೆಯ ಮೇಲೆ ಠಪ್, ಠಪ್ ಎಂದು ಕೂರಿಸುತ್ತಿದ್ದರು, ಪ್ರತಿ ಎಲೆಗೂ ಅದೇ ಜಾಗ, ಅದೇ ಗಾತ್ರ. ಪ್ರತಿ ಎಲೆಯ ಮುಂದೂ ಮೆಲ್ಲಗೆ ಒಂದು ಹೆಸರು ಹೇಳುತ್ತಿದ್ದರು. ಪಟ್ಟಿ ನೋಡುತ್ತಲೇ ಇರಲಿಲ್ಲ. ಎಂಬತ್ಮೂರು ಹೆಸರೂ ಅವರಿಗೆ ಬಾಯಿಪಾಠವಾಗಿದ್ದವು. ಅದನ್ನು ಕೇಳುತ್ತಾ ನನ್ನ ಬೆನ್ನುನೋವು, ಗೊಣಗಾಟ ಎಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾನೂ ಬಗ್ಗಿ ಬಗ್ಗಿ ಉಪ್ಪು ಬಡಿಸಿದೆ.

ಧೂಪ ಹಾಕಿದೆವು. ಅಡುಗೆಮನೆ ಕಡೆಯ ಬಾಗಿಲು ಹಾಕಿ, ದೊಡ್ಡ ಬಾಗಿಲನ್ನು ಗೇಣುದ್ದ ಬಿಟ್ಟು ಇಳಿಸಿದೆವು. ಬರುವವರಿಗೆ ದಾರಿ ಬೇಕಲ್ಲ. ಮೂವರೂ ಮುಂದಿನ ಹುಲ್ಲಿನ ಮೇಲೆ ಮರದ ನೆರಳಲ್ಲಿ ಕುರ್ಚಿ ಹಾಕಿ ಕೂತೆವು. ಸರಿಯಾಗಿ ನಾಲ್ಕು ಗಂಟೆ, ಬಿಸಿಲು ಇನ್ನೂ ರಸ್ತೆಯನ್ನು ಸುಡುತ್ತಿತ್ತು. ಎರಡು ಅಳಿಲು ಬಾಗಿಲ ಸಂದಿಯ ಕಡೆ ಬಂದಾಗ ಅತ್ತೆ ಎದ್ದು, “ಹುಶ್, ನಿಮ್ದು ಆಮೇಲೆ” ಎಂದು ಓಡಿಸಿದರು.

ಅಜ್ಜಿ ಬಲೆ ತೆಗೆದು ತಲೆ ಬಾಚಿಕೊಂಡು, ಹೊಸದಾಗಿ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಹೇಳಬೇಕಾದ್ದನ್ನು ರಾತ್ರಿಯೆಲ್ಲ ಕೂತು ಬರೆದಿದ್ದರಂತೆ. ಬಿಚ್ಚಿ ಓದುವುದು, ಮಡಿಸುವುದು, ಮತ್ತೆ ಬಿಚ್ಚುವುದು. “ನಾನು ಒಳಗೆ ಹೋದಾಗ ನೀವಿಬ್ಬರೂ ಬರಬೇಡಿ” ಎಂದರು. ಆಮೇಲೆ, “ಇಲ್ಲ, ಬನ್ನಿ” ಎಂದರು. ಅತ್ತೆ ಅವರ ಕೈ ಹಿಡಿದುಕೊಂಡು, “ಇನ್ನು ಹತ್ತೇ ನಿಮಿಸ ಅಕ್ಕ. ಮಜ್ಜಿಗೆಗೆ ಬಂದಿರ್ತಾರೆ” ಎಂದು ಸಮಾಧಾನ ಮಾಡಿದರು. ಮಜ್ಜಿಗೆ ಬಡಿಸಿದ್ದೇವೋ ಇಲ್ಲವೋ ಎಂದು ನನಗೆ ಆಗ ಅನುಮಾನ ಬಂತು.

ಆಸ್ಟಿನ್ನಿನಿಂದ ಬರುವ ರಸ್ತೆಯಲ್ಲಿ ಟ್ರಾಫಿಕ್ ಇಲ್ಲದ ದಿನವನ್ನು ನಾನು ಜನ್ಮದಲ್ಲಿ ಕಂಡಿಲ್ಲ. 

ಅವತ್ತು ಇರಲಿಲ್ಲವಂತೆ. ಮೀಟಿಂಗು ಬೇಗ ಮುಗಿದು, ಅಪ್ಪನ ಎಡೆಗೆ ತಾನೂ ಇರೋಣವೆಂದು ನಮ್ಮವರು ಊಟವನ್ನೂ ಮಾಡದೆ ಒಂದೇ ಉಸಿರಿಗೆ ಡ್ರೈವ್ ಮಾಡಿಕೊಂಡು ಬಂದಿದ್ದರು. ಬರುವ ವಿಷಯ ಹೇಳದೆ ಖುಷಿಪಡಿಸೋಣ ಎಂದು ಫೋನೂ ಮಾಡಿರಲಿಲ್ಲ. ಮನುಷ್ಯ ದಿನಾ ಮಾಡುವ ಹಾಗೆ, ರಸ್ತೆಯ ತಿರುವಿನಲ್ಲೇ ಕಾರಿನೊಳಗಿಂದ ಗರಾಜಿನ ರಿಮೋಟ್ ಒತ್ತಿದರು.

ಗರ್ರ್ ಎಂದು ಬಾಗಿಲು ಎದ್ದಿತು. ನಾನು ಕಿರುಚಿದೆ. ಅತ್ತೆ ಎದ್ದು ಎರಡೂ ಕೈಯಿಂದ ಬಾಗಿಲನ್ನು ಕೆಳಕ್ಕೆ ಎಳೆಯಲು ಓಡಿದರು. ಅದು ಅವರ ತಲೆಯ ಮೇಲೆ ಹಾದು ಹೋಗಿ ಪೂರ್ತಿ ತೆರೆದುಕೊಂಡಿತು. ಒಳಗೆ ಎಂಬತ್ಮೂರು ಎಲೆ, ಮಾವನದು ಸೇರಿ ಎಂಬತ್ತನಾಲ್ಕು, ಮಧ್ಯಾಹ್ನದ ಬೆಳಕಿನಲ್ಲಿ. ಕಾರು ನಮ್ಮ ಮನೆಯ ಮುಂದೆ ಗಕ್ಕನೆ ನಿಂತಿತು. ನಮ್ಮವರು ಇಳಿದು, ತಮ್ಮ ಹೊಳೆಯುವ ನೆಲವನ್ನು ನೋಡಿ, ನನ್ನನ್ನು ನೋಡಿ, “ಇದೇನೇ ಇದು?” ಎಂದರು.

“ಮುಟ್ಠಾಳ ನನ್ ಮಗನೇ!” ಎಂದರು ಅತ್ತೆ. ಇಂಜಿನಿಯರ್ ಮಗನನ್ನು ಅವರು ಹಾಗೆ ಬೈದದ್ದು ನಾನು ಕೇಳಿದ್ದು ಅದೇ ಮೊದಲು. “ಉಣ್ತಾ ಕೂತಿದ್ರಲ್ಲೋ! ಕೈ ಎಂಜಲು ಒಣಗಿಲ್ಲ, ಬಾಗಿಲು ತಗುದ್ಬುಟ್ಯಲ್ಲೋ! ಎಲ್ರೂ ಎದ್ದೋದ್ರು! ನಿಮ್ಮಪ್ಪನೂ ಹೋದ್ರು!”

ಅಜ್ಜಿ ಕುರ್ಚಿಯಿಂದ ಏಳಲು ಒದ್ದಾಡುತ್ತಾ, “ಏನಾಯ್ತು? ಏನಂತಿದ್ದಾಳೆ?” ಎಂದು ನನ್ನ ತೋಳು ಹಿಡಿದು ಜಗ್ಗಿದರು.

ಸುಳ್ಳು ಹೇಳಬಹುದಿತ್ತು. ಏನೂ ಆಗಿಲ್ಲ, ಇನ್ನೊಂದು ಸಲ ಬಾಗಿಲು ಹಾಕೋಣ ಎನ್ನಬಹುದಿತ್ತು. ಆದರೆ ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. “ಬಾಗಿಲು ಬೇಗ ತೆಗೆದುಬಿಟ್ಟೆವು. ಅವರೆಲ್ಲ ಊಟ ಬಿಟ್ಟು ಎದ್ದು ಹೊರಟುಬಿಟ್ಟರಂತೆ” ಎಂದೆ.

ಅಜ್ಜಿಯ ಮುಖದಲ್ಲಿ ಬಣ್ಣವೇ ಇಳಿದುಹೋಯಿತು. ಒಂದು ಗಳಿಗೆ ನನಗೆ ನಮ್ಮತ್ತೆಯ ಮೇಲೆ, ಈ ಎಡೆಯ ಮೇಲೆ, ನನ್ನ ಗಂಡನ ಮೇಲೆ, ಎಲ್ಲದರ ಮೇಲೂ ಕೆಟ್ಟ ಕೋಪ ಬಂತು. ಎಂಬತ್ತೆರಡು ವರ್ಷದವರಿಗೆ ಆಸೆ ಹುಟ್ಟಿಸಿ ಹೀಗೆ ಮಾಡಿದೆವಲ್ಲ.

“ಯಾವ ಕಡೆ ಹೋದರು?” ಎಂದು ಅಜ್ಜಿ ಕೇಳಿದರು.

“ಅಂ?”

“ಯಾವ ಕಡೆ ಅಂತ ಕೇಳು ಅವಳನ್ನ! ಬೇಗ!”

ಕೇಳಿದೆ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮ ರಸ್ತೆ ಇಳಿಜಾರಾಗಿ ದೊಡ್ಡ ರಸ್ತೆ ಸೇರುವ ಕಡೆಗೆ ಕೈ ನೀಡಿ, “ಹಂಗೆ ಹೋದ್ರು, ಈಗ ತಾನೆ. ಇನ್ನೂ ದಾರೀಲೇ ಅವ್ರೆ” ಎಂದರು.

ಅಜ್ಜಿ ವಾಕರ್ ಅಲ್ಲೇ ಬಿಟ್ಟರು. ನಾಲ್ಕು ವರ್ಷದಲ್ಲಿ ಆ ಹೆಂಗಸು ವಾಕರ್ ಇಲ್ಲದೆ ಹೆಜ್ಜೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಹುಲ್ಲು ದಾಟಿ, ಓಲಾಡುತ್ತಾ, ನಾವು ಓಡಿ ಹಿಡಿಯುವಷ್ಟರಲ್ಲಿ ರಸ್ತೆಯ ನಡುವೆ ಹೋಗಿ ನಿಂತಿದ್ದರು. ಕಾಗದ ಎಲ್ಲಿ ಬಿತ್ತೋ. ಎರಡೂ ಕೈ ಮೇಲೆತ್ತಿ, ಶಾಲೆಯ ಗದ್ದಲದಲ್ಲಿ ನಾನೂರು ಮಕ್ಕಳಿಗೆ ಕೇಳುವ ಆ ದನಿಯಲ್ಲಿ ಕೂಗಿದರು.

“ಬಬ್ಬ! ಬಬ್ಬ! ನಾನು ಮರದಿಂದ ಇಳಿದೆ ಕಣೋ! ಇಳಿದು ಬಂದಿದ್ದೀನಿ, ನೋಡು! ನಿನ್ನ ಮೇಲೆ ಸಿಟ್ಟಿಲ್ಲ! ಹುಷಾರಾಗಿ ಹೋಗು! ಬೈ ಬಬ್ಬ! ಬೈ!”

ಎದುರು ಮನೆಯವನು ಹುಲ್ಲು ಕತ್ತರಿಸುವ ಮಷೀನ್ ನಿಲ್ಲಿಸಿ ನೋಡುತ್ತಾ ನಿಂತ. ನಮ್ಮವರು ಕಾರಿನ ಬಾಗಿಲು ಹಾಕುವುದನ್ನೂ ಮರೆತು ನಿಂತಿದ್ದರು. ನನ್ನ ಕಣ್ಣಿಂದ ದಳದಳ ನೀರು ಸುರಿಯುತ್ತಿತ್ತು, ಜೊತೆಗೆ ನಗುವೂ ಬರುತ್ತಿತ್ತು. ಅತ್ತೆ ಅಜ್ಜಿಯ ಸೊಂಟ ಬಳಸಿ ಹಿಡಿದುಕೊಂಡರು. ಅಜ್ಜಿ ಏನೆಂದು ಕೂಗಿದರೆಂದು ನಾನು ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಖಾಲಿ ರಸ್ತೆಯ ಕಡೆ ಕತ್ತು ಚಾಚಿ, ಊರಿನ ಬಸ್ಸಿಗೆ ನೆಂಟರನ್ನು ಹತ್ತಿಸುವಾಗ ಕೂಗುವ ಹಾಗೆ, “ಹೋಗ್ಬನ್ರಪ್ಪಾ! ಎಲ್ರೂ ಹೋಗ್ಬನ್ನೀ!” ಎಂದು ತಾವೂ ಕೂಗಿದರು. ಇಬ್ಬರೂ ಎಷ್ಟೋ ಹೊತ್ತು ಹಾಗೆಯೇ ಕೈಬೀಸಿದರು.

ಆಮೇಲೆ ನಾಲ್ಕೂ ಜನ ಗರಾಜಿನಲ್ಲಿ ಕೂತು ಊಟ ಮಾಡಿದೆವು. ನಮ್ಮವರು ನೆಲದ ವಿಷಯ ಬಾಯಿ ಬಿಡಲಿಲ್ಲ, ತಾಯಿ ಬೈದ ಬೈಗುಳ ಇನ್ನೂ ಕಿವಿಯಲ್ಲಿತ್ತು. ಅಜ್ಜಿಗೆ ಕೆಳಗೆ ಕೂರಲಾಗದೆಂದು ಕುರ್ಚಿ ಹಾಕಿ, ಅಣ್ಣನ ಎಲೆಯನ್ನು ತಟ್ಟೆಗೆ ಹಾಕಿ ಕೈಗೆ ಕೊಟ್ಟೆ. ಅವರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇವನ ಬುದ್ಧಿ ಗೊತ್ತಿಲ್ವಾ ನನಗೆ? ಚಿಕನ್ನಲ್ಲಿ ಒಳ್ಳೇ ಭಾಗ ತಿಂದು ನನಗೆ ಮೂಳೆ ಬಿಟ್ಟಿದ್ದಾನೆ” ಎಂದು ಬೈದರು. ಎಲೆಯ ಮೇಲೆ ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಬೈಯುತ್ತಲೇ ಎರಡು ಕಜ್ಜಾಯ ತಿಂದರು, ಮೂರನೆಯದನ್ನು ಕೇಳಿದರು.

ಆರು ಗಂಟೆಗೆ ಹ್ಯೂಸ್ಟನ್ನಿನಿಂದ ಮಗಳ ಫೋನು ಬಂತು. ಅಜ್ಜಿ ಬಾಯಲ್ಲಿದ್ದ ವಡೆ ಪೂರ್ತಿ ನುಂಗದೆಯೇ ಎತ್ತಿದರು. ಇವತ್ತು ಏನು ಮಾಡಿದೆ ಅಮ್ಮಾ ಎಂದು ಅವಳು ಕೇಳಿದ್ದು ನಮಗೆಲ್ಲ ಕೇಳಿಸಿತು.

“ನಿನ್ನ ಸೋದರಮಾವ ಊಟಕ್ಕೆ ಬಂದಿದ್ದ” ಎಂದರು ಅಜ್ಜಿ. “ಈಗ ತಾನೆ ಕಳಿಸಿಕೊಟ್ಟೆ.”